ಕೇಳುವ ಕಿವಿಗೂ ತರಬೇತಿ ಬೇಕು

ಪಿ.ಯು.ಸಿ. ಫಲಿತಾಂಶ ಬಂದೊಡನೆ ನಾಲತವಾಡದಂತಹ ಊರುಗಳಲ್ಲಿ ಪಾಲಕರು ಮೊದಲು ವಿಚಾರಿಸುವುದು ಡಾಕ್ಟರ್, ಎಂಜಿನಿಯರ್ ಸೀಟನ್ನು. ಅದು ಕೈಗೂಡದಿದ್ದರೆ ಬಿ.ಎಡ್. ಈ ಪಟ್ಟಿಯಲ್ಲಿ ಕಾಣಿಸದ ಉದ್ಯೋಗವೊಂದಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಮಾತು ಆಲಿಸಿ, ಅವರು ಮತ್ತೆ ಬದುಕಿನ ದಾರಿ ಹಿಡಿಯಲು ನೆರವಾಗುವ ಆಪ್ತಸಮಾಲೋಚಕರ ಉದ್ಯೋಗ ಅದು. ಹೆಸರು ಕೇಳಿದೊಡನೆ ಮಾತು ಬದಲಿಸುವ ಮನೆಗಳೇ ಹೆಚ್ಚು. ಆದರೆ ಹೀಗೆ ಮಾತು ಬದಲಿಸುವುದನ್ನು ಕಂಡೇ ನೊಂದವರು ಬಾಯಿ ಬಿಡಲು ಅಂಜುತ್ತಾರೆ.

ಸಮಾಧಾನ ಹೇಳಲು ಒಳ್ಳೆಯ ಮನಸ್ಸೊಂದಿದ್ದರೆ ಸಾಲದೇ? ಸಾಲದು. ‘ಆ ಹೊತ್ತಿನಲ್ಲಿ ಯಾಕೆ ಹೋದೆ?’, ‘ಯಾಕೆ ಕೂಗಲಿಲ್ಲ?’ ಎಂದು ಕೇಳುವವರೂ ಹಲವು ಬಾರಿ ಒಳ್ಳೆಯ ಮನಸ್ಸಿನವರೇ. ತೀವ್ರ ಭಯದಲ್ಲಿ ಎದುರಿಸುವುದು, ಓಡುವುದು ಮಾತ್ರವಲ್ಲ, ದೇಹ ಮರಗಟ್ಟಿ ನಿಲ್ಲುವುದೂ ಸಹಜ ಪ್ರತಿಕ್ರಿಯೆ. ಅದು ನಮ್ಮ ಇಚ್ಛೆಗೆ ಒಳಪಟ್ಟದ್ದಲ್ಲ. ಅಂಥ ಹೊತ್ತಿನಲ್ಲಿ ಘಟನೆಗಳನ್ನು ಕ್ರಮವಾಗಿ ಜೋಡಿಸಿಡುವ ಮೆದುಳಿನ ಭಾಗವಾದ ಹಿಪೊಕ್ಯಾಂಪಸ್‌ನ ಕೆಲಸ ಏರುಪೇರಾಗಬಹುದು. ಆಗ ನೆನಪು ತುಂಡುತುಂಡಾಗಿ ಉಳಿಯುತ್ತದೆ. ಹೇಳಿಕೆ ಹಿಂದುಮುಂದಾದ ಮಾತ್ರಕ್ಕೆ ಅದು ಸುಳ್ಳಲ್ಲ.

ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಗೆ ಬಂದ ಸಂತ್ರಸ್ತೆಯರನ್ನು ಮಾತನಾಡಿಸಿ ನರ್ಸಿಂಗ್ ತಜ್ಞೆ ಆನ್ ಬರ್ಜೆಸ್ ಮತ್ತು ಸಮಾಜಶಾಸ್ತ್ರಜ್ಞೆ ಲಿಂಡಾ ಹೋಮ್‌ಸ್ಟ್ರಾಮ್ 1974ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಳುವವರಷ್ಟೇ ಸಂಖ್ಯೆಯಲ್ಲಿ ಏನೂ ಆಗದವರಂತೆ ಶಾಂತವಾಗಿ ಕುಳಿತವರೂ ಅಲ್ಲಿದ್ದರು. ಕಣ್ಣೀರು ನೋಡಿ ಸತ್ಯವನ್ನು ಅಳೆಯಬಾರದೆಂಬುದು ಈ ಉದ್ಯೋಗದ ಮೊದಲ ಪಾಠ.

ಎರಡನೆಯದು ಗುಟ್ಟು ಕಾಯುವ ಪಾಠ. ಒಬ್ಬರಿಗೊಬ್ಬರು ಪರಿಚಿತರಾದ ಸಣ್ಣ ಊರಿನಲ್ಲಿ ಇದು ಬಹಳ ಕಠಿಣ. ಸಂತ್ರಸ್ತರ ಗುರುತನ್ನು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಅಪರಾಧ. ಆದರೆ ಮಕ್ಕಳ ವಿಷಯದಲ್ಲಿ ಇನ್ನೊಂದು ಹೊಣೆಯೂ ಇದೆ. 2012ರ ಪೋಕ್ಸೋ ಕಾಯಿದೆಯಂತೆ, ಹದಿನೆಂಟು ತುಂಬದ ಹುಡುಗಿ ಅಥವಾ ಹುಡುಗನ ಮೇಲೆ ದೌರ್ಜನ್ಯ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ‘ಯಾರಿಗೂ ಹೇಳುವುದಿಲ್ಲ’ ಎಂದು ಮಗುವಿಗೆ ಮಾತು ಕೊಟ್ಟು ಅನಂತರ ಮುರಿದರೆ ಅದು ಎರಡನೆಯ ಗಾಯ. ಯಾರಿಗೆ, ಏಕೆ ಹೇಳಬೇಕಾಗುತ್ತದೆ ಎಂಬುದನ್ನು ಮೊದಲೇ ಮಗುವಿನ ಮಾತಿನಲ್ಲಿ ತಿಳಿಸಲು ಕಲಿಯಬೇಕು.

ದಾರಿ ಹೀಗಿದೆ. ಪಿ.ಯು.ಸಿ.ಯಲ್ಲಿ ಯಾವ ವಿಭಾಗವಾದರೂ ಆದೀತು. ಪದವಿಯಲ್ಲಿ ಮನಶ್ಶಾಸ್ತ್ರ ಅಥವಾ ಸಮಾಜಕಾರ್ಯ ಓದಿ, ಬಳಿಕ ಎರಡು ವರ್ಷದ ಎಂ.ಎಸ್‌.ಡಬ್ಲ್ಯು. ಅಥವಾ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆಯಬೇಕು. 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯ ಜಿಲ್ಲಾ ಕೇಂದ್ರ ವಿಜಯಪುರದಲ್ಲೇ ಇದೆ. ಇಂದು ಅದಕ್ಕೆ ಅಕ್ಕಮಹಾದೇವಿಯ ಹೆಸರು. ಅದು ಬಿಟ್ಟರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಉನ್ನತ ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್ ಹೆಸರಾದದ್ದು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಬೇಕೆನ್ನುವವರು ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ಕೋರ್ಸನ್ನೇ ಆರಿಸಿಕೊಳ್ಳಬೇಕು. ಎಂ.ಫಿಲ್. ಪದವಿಯ ನಿಯಮಗಳು 2022ರಿಂದೀಚೆಗೆ ಬದಲಾಗಿರುವುದರಿಂದ ಪ್ರವೇಶಕ್ಕೆ ಮುನ್ನ ಆಯಾ ಸಂಸ್ಥೆಯಲ್ಲೇ ವಿಚಾರಿಸುವುದು ಕ್ಷೇಮ.

ಕೆಲಸ ಎಲ್ಲಿ? ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ‘ಸಖಿ’ ಕೇಂದ್ರಗಳಲ್ಲಿ ಚಿಕಿತ್ಸೆ, ಪೊಲೀಸ್ ಮತ್ತು ಕಾನೂನು ನೆರವು, ಆಪ್ತಸಮಾಲೋಚನೆ, ತಾತ್ಕಾಲಿಕ ವಸತಿ ಎಲ್ಲವೂ ಒಂದೇ ಕಡೆ ಸಿಗಬೇಕೆಂಬುದು ಉದ್ದೇಶ. ಪೋಕ್ಸೋ ಪ್ರಕರಣಗಳಲ್ಲಿ ತನಿಖೆಯಿಂದ ವಿಚಾರಣೆಯವರೆಗೆ ಮಗುವಿನ ಜೊತೆಗಿರುವ ‘ಬೆಂಬಲ ವ್ಯಕ್ತಿ’ಗಳ ಪಟ್ಟಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಡುತ್ತದೆ. ಆಸ್ಪತ್ರೆ, ಸ್ವಯಂಸೇವಾ ಸಂಸ್ಥೆಗಳಲ್ಲೂ ಅವಕಾಶವುಂಟು. ಸರ್ಕಾರಿ ಯೋಜನೆಗಳ ಇಂಥ ಕೆಲಸ ಹೆಚ್ಚಾಗಿ ಗುತ್ತಿಗೆ ಆಧಾರದ್ದು. ದೊಡ್ಡ ಸಂಬಳದ ಆಸೆಯಿಂದ ಬರುವವರಿಗೆ ನಿರಾಸೆಯಾದೀತು.

ಪಾಲಕರ ಆತಂಕವನ್ನು ತಳ್ಳಿಹಾಕುವಂತಿಲ್ಲ. ದಿನವೂ ಪರರ ನೋವು ಕೇಳಿ ಕೇಳಿ ಕೇಳುವವರ ನಿದ್ದೆಯೂ ಕೆಡಬಹುದು. ಆದ್ದರಿಂದಲೇ ಹಿರಿಯ ತಜ್ಞರೊಡನೆ ನಿಯಮಿತವಾಗಿ ಚರ್ಚಿಸಿ ಮನಸ್ಸು ಹಗುರ ಮಾಡಿಕೊಳ್ಳುವುದೂ ತರಬೇತಿಯ ಭಾಗ.

ಆದರೂ ಈ ಭಾಗದ ಮಕ್ಕಳು ಈ ಕೆಲಸಕ್ಕೆ ಏಕೆ ಬೇಕು? ಹೊಲದಿಂದ, ತಾಂಡಾದಿಂದ ಬಂದ ಹುಡುಗಿ ತನಗಾದದ್ದನ್ನು ಪುಸ್ತಕದ ಭಾಷೆಯಲ್ಲಿ ಹೇಳಲಾರಳು. ‘ಹೊಟ್ಟಿ ನೋಯ್ತದ, ಸಾಲಿಗಿ ಹೋಗಾಂಗಿಲ್ಲ’ ಎಂಬಲ್ಲಿಗೆ ಅವಳ ಮಾತು ನಿಲ್ಲಬಹುದು. ಆ ಅರ್ಧ ಮಾತಿನ ಹಿಂದೆ ಏನೋ ಇದ್ದೀತೆಂದು ಅವಳನ್ನು ಅವಸರಪಡಿಸದೆ ಕಾಯಲು ಆ ಮಣ್ಣಿನ ಮಾತೂ ಗೊತ್ತಿರಬೇಕು, ಶಾಸ್ತ್ರವೂ ಗೊತ್ತಿರಬೇಕು. ಮಾತು ಮನೆಯಲ್ಲೇ ಬಂದಿದೆ. ಶಾಸ್ತ್ರ ಕಲಿಯಲು ಐದಾರು ವರ್ಷ ಸಾಕು.