ಬೆನ್ನಿಗೆ ಕಟ್ಟಿಕೊಂಡ ಗಾಳಿ

ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಳಿಗೆ ಹೋಗಿ ಸ್ಕೂಬಾ ಮುಳುಗಿಗೆ ಸಜ್ಜಾಗುವವರಿಗೆ ಮೊದಲು ಅನುಭವಕ್ಕೆ ಬರುವುದು ಬೆನ್ನ ಮೇಲಿನ ಭಾರ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್. ಖಾಲಿ ತೂಕವೇ ಸುಮಾರು 14 ಕಿಲೋ. ವಾಯುಮಂಡಲದ ಸುಮಾರು 200 ಪಟ್ಟು ಒತ್ತಡದಲ್ಲಿ ಅದರೊಳಗೆ ತುಂಬಿದ ಗಾಳಿ ಮತ್ತೆ ಎರಡೂವರೆ ಕಿಲೋ ತೂಗುತ್ತದೆ. ಗಾಳಿಗೆ ತೂಕವೆಲ್ಲಿ ಎನ್ನುವವರು ಇದನ್ನೊಮ್ಮೆ ಹೊತ್ತು ನೋಡಬೇಕು!

ನೀರಿಗಿಳಿದೊಡನೆ ಆರ್ಕಿಮಿಡೀಸನ ತತ್ತ್ವ ನೆರವಿಗೆ ಬರುತ್ತದೆ. ತುಂಬಿದ ಸಿಲಿಂಡರಿನ ಭಾರ ಬಹುಮಟ್ಟಿಗೆ ಇಲ್ಲವಾಗುತ್ತದೆ. ಗಾಳಿ ಖರ್ಚಾದಂತೆ ಅದು ತೇಲಲು ಹವಣಿಸುತ್ತದೆ. ಆದ್ದರಿಂದ ಅದನ್ನು ಕಟ್ಟುವ ಹಾರ್ನೆಸ್‌ಗೆ ಎರಡು ಕೆಲಸ: ಮೇಲೆ ಹೊರುವುದು, ಕೆಳಗೆ ಅಲುಗದಂತೆ ಹಿಡಿಯುವುದು. ಅಂಗಡಿಯಲ್ಲಿ ಭುಜಕ್ಕೆ ಮೆತ್ತಗೆನಿಸಿದ್ದು ನೀರಿನಲ್ಲೂ ಹಿತವಾಗಿರಬೇಕೆಂದೇನಿಲ್ಲ.

ಗಾಳಿ ತುಂಬಿಸುವ ಜಾಕೆಟ್ಟಿನ ಬಗೆಯಲ್ಲಿ ಮೆತ್ತೆಯಿರುತ್ತದೆ. ಆದರೆ ಅಳತೆ ಸರಿಹೊಂದದಿದ್ದರೆ ಉಬ್ಬಿದಾಗ ಎದೆಯನ್ನು ಹಿಸುಕುತ್ತದೆ. ಉಕ್ಕಿನ ಇಲ್ಲವೇ ಅಲ್ಯೂಮಿನಿಯಂ ತಗಡಿಗೆ ಐದು ಸೆಂಟಿಮೀಟರ್ ಅಗಲದ ನೈಲಾನ್ ಪಟ್ಟಿ ಪೋಣಿಸಿದ ಬಗೆ ನೋಡಲು ಒರಟು. ಆದರೂ ಪಟ್ಟಿಯನ್ನು ಮೈಯಳತೆಗೆ ಹೊಂದಿಸಬಹುದು. ತೊಡೆಸಂದಿನ ಪಟ್ಟಿಯಿದ್ದರೆ ಸಿಲಿಂಡರು ಕತ್ತಿನತ್ತ ಜಾರುವುದಿಲ್ಲ.

ಯಾವುದನ್ನೇ ಆರಿಸಲಿ, ಮುಳುಗುಡುಪಿನ ಮೇಲೆಯೇ ತೊಟ್ಟು ಪರೀಕ್ಷಿಸಬೇಕು. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗುತ್ತದೆ. ಉಡುಪಿನ ನಿಯೋಪ್ರೀನ್‌ನಲ್ಲಿರುವ ಗುಳ್ಳೆಗಳು ಕುಗ್ಗಿ ಅದು ತೆಳುವಾಗುತ್ತದೆ; ಮೇಲೆ ಬಿಗಿಯಾಗಿದ್ದ ಸೊಂಟಪಟ್ಟಿ ಸಡಿಲವಾಗುತ್ತದೆ. ಅದನ್ನು ಅಲ್ಲಿಯೇ ಬಿಗಿಯುವಂತಿರಬೇಕು. ಹಾಗೆಂದು ಎದೆಪಟ್ಟಿಯನ್ನು ಮೊದಲೇ ಬಿಗಿದುಕೊಳ್ಳುವುದು ತಪ್ಪು. ಪೂರ್ಣ ಉಸಿರೆಳೆಯಲಾಗದಿದ್ದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚುತ್ತದೆ, ಉಸಿರು ವೇಗವಾಗುತ್ತದೆ, ಗಾಬರಿ ಹುಟ್ಟುತ್ತದೆ, ಸಿಲಿಂಡರು ಬೇಗ ಬರಿದಾಗುತ್ತದೆ. ತಲೆಯನ್ನು ಹಿಂದಕ್ಕೆ ಬಾಗಿಸಿದಾಗ ವಾಲ್ವ್ ತಾಗಲೂಬಾರದು. ಸಿಲಿಂಡರನ್ನು ಸುತ್ತುವ ಪಟ್ಟಿಯನ್ನು ನೀರಿನಲ್ಲಿ ನೆನೆಸಿ ಬಿಗಿಯುವುದು ವಾಡಿಕೆ. ಒದ್ದೆಯಾದ ನೈಲಾನ್ ಹಿಗ್ಗುತ್ತದೆ, ಒಣಗಿದ್ದಾಗ ಕಟ್ಟಿದ್ದು ಆಮೇಲೆ ಜಾರುತ್ತದೆ.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ದೊಡ್ಡದು. ಕಡಲೊಳಗೆ ಹರಿದ ಮೀನುಬಲೆ ಸಿಲಿಂಡರಿಗೆ ಸಿಕ್ಕಿಕೊಂಡರೆ, ಉಸಿರುಕೊಳವೆಯನ್ನು ಬಾಯಲ್ಲಿಟ್ಟುಕೊಂಡೇ ಹಾರ್ನೆಸ್ ಕಳಚಿ ಬಿಡಿಸಿಕೊಳ್ಳಬೇಕಾಗಬಹುದು. ಸೀಸದ ಗುಂಡುಗಳ ಸೊಂಟಪಟ್ಟಿಯಂತೂ ಬಿಚ್ಚಿದೊಡನೆ ತಡೆಯಿಲ್ಲದೆ ಕೆಳಗೆ ಬೀಳುವಂತಿರಬೇಕು. ತೊಡೆಸಂದಿನ ಪಟ್ಟಿ ಅದರ ಮೇಲೆ ಹಾಯಬಾರದು. ಎರಡರ ಬಕಲ್ಲುಗಳನ್ನೂ ಕೈ ಸೋಕಿಸಿಯೇ ಗುರುತಿಸುವಂತಿರಬೇಕು. ಕೊಳ್ಳುವ ಮುನ್ನ ಕೈಗವಸು ತೊಟ್ಟು, ಕಣ್ಣು ಮುಚ್ಚಿ, ಒಮ್ಮೆ ಬಿಚ್ಚಿ ನೋಡಬೇಕು. ಅಂಗಡಿಯಲ್ಲಿ ತಡವರಿಸಿದ ಕೈ ಆಳದಲ್ಲಿ ಇನ್ನಷ್ಟು ತಡವರಿಸುತ್ತದೆ.