ವೀರ್ಯದಲ್ಲಿ ರಕ್ತ: ಭಯವೆಷ್ಟು, ಎಚ್ಚರವೆಷ್ಟು?

ಹಲ್ಲುನೋವು ಬಂದವನು ನಾಲ್ಕು ಜನರೆದುರು ನರಳಬಲ್ಲನು. ಜ್ವರ ಬಂದವನನ್ನು ಮನೆಮಂದಿಯೆಲ್ಲ ಸುತ್ತುವರಿದು ವಿಚಾರಿಸುವರು. ಆದರೆ ವೀರ್ಯದಲ್ಲಿ ರಕ್ತದ ಬಣ್ಣವನ್ನು ಕಂಡ ಗೃಹಸ್ಥನು ಅದನ್ನು ಕೈಹಿಡಿದವಳಿಗೂ ಹೇಳಲಾರನು. ಯೌವನದ ಯಾವುದೋ ತಪ್ಪಿಗೆ ಇದು ದಂಡನೆಯೆಂಬ ಪಾಪಭೀತಿ ಒಂದು ಕಡೆ. ಇದು ಕ್ಯಾನ್ಸರೇ ಸರಿ ಎಂಬ ಮರಣಭೀತಿ ಇನ್ನೊಂದು ಕಡೆ. ಬಹುಮಟ್ಟಿಗೆ ಇವೆರಡೂ ನಿರಾಧಾರವಾದುವು.

ಈ ಅಂಜಿಕೆಯ ಬೇರು ಆಳವಾದುದು. ಸಪ್ತಧಾತುಗಳಲ್ಲಿ ಶುಕ್ರವೇ ಕಡೆಯದು. ನಲವತ್ತು ಹನಿ ರಕ್ತದಿಂದ ಒಂದು ಹನಿ ವೀರ್ಯವೆಂಬ ಮಾತೂ ಜನರ ಬಾಯಲ್ಲಿ ಬಹುಕಾಲದಿಂದ ಉಳಿದಿದೆ. ಧಾತುನಷ್ಟದ ಈ ಭಯಕ್ಕೆ ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರನ್ನೇ ಕೊಟ್ಟರು. ದೇಹಶಾಸ್ತ್ರ ಹೇಳುವುದೇ ಬೇರೆ. ವೀರ್ಯದ ಬಹುಪಾಲು ವೀರ್ಯಕೋಶಗಳೂ ಪ್ರಾಸ್ಟೇಟ್ ಗ್ರಂಥಿಯೂ ಸ್ರವಿಸುವ ದ್ರವ. ಅದರಲ್ಲಿ ರಕ್ತ ಬೆರೆತರೆ, ಆ ಮಾರ್ಗದಲ್ಲಿ ಎಲ್ಲಿಯೋ ರಕ್ತ ಒಸರಿದೆ ಎಂದಷ್ಟೇ ಅರ್ಥ, ಸತ್ತ್ವ ಸೋರಿತೆಂದಲ್ಲ.

ಒಸರಲು ಕಾರಣಗಳು ಹಲವು. ಪ್ರಾಸ್ಟೇಟ್, ವೀರ್ಯಕೋಶ ಅಥವಾ ಮೂತ್ರನಾಳದ ಸೋಂಕು ಮತ್ತು ಉರಿಯೂತ ಸಾಮಾನ್ಯವಾದವು. ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳು, ಕಲ್ಲು, ಪೆಟ್ಟು, ವಿಪರೀತ ರಕ್ತದೊತ್ತಡ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ, ಅಪರೂಪವಾಗಿ ಕ್ಷಯ — ಇವೂ ಉಂಟು. ಪ್ರಾಸ್ಟೇಟಿನ ಬಯಾಪ್ಸಿಯಾದ ಮೇಲೆ ಕೆಲವು ವಾರ ರಕ್ತ ಕಾಣುವುದು ವಾಡಿಕೆ. ಎಷ್ಟೋ ವೇಳೆ ಕಾರಣವೇ ತಿಳಿಯದೆ, ತಾನಾಗಿ ನಿಂತುಬಿಡುತ್ತದೆ. ಕೆಂಪು ಕ್ರಮೇಣ ಕಂದಾಗುವುದು ಹಳೆಯ ರಕ್ತದ ಲಕ್ಷಣ.

ರಕ್ತವು ಪತಿಯದೋ ಪತ್ನಿಯದೋ ಎಂಬುದು ಮೊದಲು ನಿಶ್ಚಯವಾಗಬೇಕು. ನಿರೋಧ್ ಬಳಸಿದರೆ ಅದು ತಿಳಿಯುತ್ತದೆ. ಮುಟ್ಟಿನ ದಿನಗಳಲ್ಲದೆ ಪತ್ನಿಗೆ ಸಮಾಗಮಾನಂತರ ರಕ್ತ ಕಂಡರೆ ಆಕೆಯನ್ನೂ ವೈದ್ಯರಿಗೆ ತೋರಿಸಬೇಕು.

ನಲವತ್ತರೊಳಗಿನವನಿಗೆ ಒಮ್ಮೆ ಮಾತ್ರ ಕಂಡು, ಬೇರೆ ತೊಂದರೆಯಿಲ್ಲದಿದ್ದರೆ ಅಪಾಯ ವಿರಳ. ಆದರೂ ವೈದ್ಯರ ಕಿವಿಗೆ ಹಾಕುವುದೇ ಲೇಸು. ವಯಸ್ಸು ನಲವತ್ತು ದಾಟಿದ್ದರೆ, ರಕ್ತ ಮತ್ತೆ ಮತ್ತೆ ಕಂಡರೆ, ತಿಂಗಳಾದರೂ ನಿಲ್ಲದಿದ್ದರೆ, ಮೂತ್ರದಲ್ಲಿಯೂ ರಕ್ತವಿದ್ದರೆ, ವೃಷಣದಲ್ಲಿ ಗಂಟಿದ್ದರೆ, ಮನೆತನದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದರೆ ಪರೀಕ್ಷೆಯನ್ನು ಮುಂದೂಡಲಾಗದು. ಜ್ವರ, ತೀವ್ರ ನೋವು ಅಥವಾ ಮೂತ್ರಬಂಧ ಉಂಟಾದರೆ ಅಂದೇ ಹೋಗಬೇಕು. ವೈದ್ಯರು ರಕ್ತದೊತ್ತಡವನ್ನೂ ಮೂತ್ರವನ್ನೂ ಪರೀಕ್ಷಿಸುವರು, ಗುದದ್ವಾರದ ಮೂಲಕ ಪ್ರಾಸ್ಟೇಟನ್ನು ಬೆರಳಿನಿಂದ ಮುಟ್ಟಿ ನೋಡುವರು, ವಯಸ್ಸಾದವರಿಗೆ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯನ್ನು ಹೇಳಬಹುದು. ಬೇಕಾದರೆ ಮೂತ್ರರೋಗ ತಜ್ಞರಲ್ಲಿಗೆ ಕಳುಹಿಸುವರು. ಹೆಪ್ಪುತಡೆಯ ಗುಳಿಗೆ ನುಂಗುವವನು ಅದನ್ನು ತಾನಾಗಿ ನಿಲ್ಲಿಸಕೂಡದು.

ಗೋಡೆಯ ಮೇಲಿನ ‘ಗುಪ್ತರೋಗ’ದ ಬರಹಕ್ಕೆ ಮರುಳಾಗುವುದು ಎಲ್ಲಕ್ಕಿಂತ ಕೇಡು. ಲೈಂಗಿಕ ಶಕ್ತಿಯನ್ನು ಹೆಚ್ಚಿಸುವೆವೆಂಬ ಔಷಧಗಳ ಜಾಹೀರಾತನ್ನು ಕಾಯಿದೆ 1954ರಲ್ಲಿಯೇ ನಿಷೇಧಿಸಿತು. ಆದರೂ ಸಂಕೋಚವಿರುವ ತನಕ ಆ ವ್ಯಾಪಾರಕ್ಕೆ ಗಿರಾಕಿ ತಪ್ಪುವುದಿಲ್ಲ. ಅಲ್ಲಿ ಕಳೆಯುವುದು ಹಣ ಮಾತ್ರವಲ್ಲ. ನಿಜವಾದ ರೋಗವಿದ್ದವನಿಗೆ ಗುಣವಾಗುವ ಕಾಲವೂ ಕಳೆಯುತ್ತದೆ. ಸಂಸಾರದಲ್ಲಿ ಸಂಶಯ ಹುಟ್ಟುವುದು ರೋಗದಿಂದಲ್ಲ, ಮುಚ್ಚುಮರೆಯಿಂದ. ಪತ್ನಿಗೆ ಒಂದು ಮಾತು, ವೈದ್ಯರಿಗೆ ಒಂದು ಮಾತು — ಇಷ್ಟು ಹೇಳಿದರೆ ಅರ್ಧ ಭಾರ ಇಳಿದಂತೆಯೇ.