ಕಾದ ಕೋಣೆಯಲ್ಲಿ ತಂಪು ಕಡಲು

ಕಳೆದ ಮೇ ತಿಂಗಳಲ್ಲಿ ನಮ್ಮ ಮೇಲಿನ ಮಹಡಿಯವರು ಉಪನಯನಕ್ಕೆಂದು ಕುಂದಾಪುರಕ್ಕೆ ಹೊರಟರು. ಹೊರಡುವಾಗ ಅವರ ಮನೆಯ ಕಾಲೇಜು ಹುಡುಗ ಬೀಗದ ಕೈಯನ್ನು ನನಗೊಪ್ಪಿಸಿ, "ಮಾಮಾ, ದಿನಕ್ಕೊಂದು ಚಿಟಿಕೆ ಆಹಾರ ಹಾಕಿದರೆ ಸಾಕು, ಹೆಚ್ಚು ಹಾಕಬೇಡಿ" ಎಂದು ಹೇಳಿಹೋದ. ಅವನದು 100 ಲೀಟರಿನ ಉಪ್ಪುನೀರಿನ ಗಾಜಿನ ತೊಟ್ಟಿ. ಒಳಗೆ ಕಲ್ಲಿನ ಪುಟ್ಟ ದಿಬ್ಬ, ಕಿತ್ತಳೆ ಮೈಗೆ ಬಿಳಿ ಪಟ್ಟೆ ಹೊದ್ದ ಎರಡು ಕ್ಲೌನ್ ಮೀನು, ಅವು ಅಡಗಿ ಕೂರಲು ಹೂವಿನಂತೆ ಅರಳಿದ ಒಂದು ಅನಿಮೋನ್. ಅನಿಮೋನ್ ಹೂವಲ್ಲ, ಪ್ರಾಣಿ. ಹವಳದ ಹುಳುವಿನ ಹತ್ತಿರದ ನೆಂಟ.

ಒಪ್ಪಿಸಿದ ಕೆಲಸವನ್ನು ನಾನು ನಿಷ್ಠೆಯಿಂದಲೇ ಮಾಡಿದೆ. ಪಾರಿವಾಳ ನುಗ್ಗೀತೆಂದು ಕಿಟಕಿಗಳನ್ನು ಭದ್ರವಾಗಿ ಮುಚ್ಚಿದೆ. ಜನರಿಲ್ಲದ ಕೋಣೆಯಲ್ಲಿ ಫ್ಯಾನು ದಂಡವೆಂದು ಆರಿಸಿದೆ. ತೊಟ್ಟಿಯ ದೀಪವನ್ನು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಉರಿಯಬಿಟ್ಟೆ. ಒಂಬತ್ತನೆಯ ದಿನ ನೋಡಿದರೆ ಅನಿಮೋನ್ ತನ್ನ ಕಂದು ಬಣ್ಣವನ್ನು ಕಳೆದುಕೊಂಡು ಮಲ್ಲಿಗೆಯಂತೆ ಬೆಳ್ಳಗಾಗಿದೆ. ಎಷ್ಟು ಚಂದವೆಂದು ಫೋನಿನಲ್ಲಿ ಚಿತ್ರ ತೆಗೆದು ಹುಡುಗನಿಗೆ ಕಳಿಸಿದೆ. ಅರೆಗಳಿಗೆಯಲ್ಲಿ ಅವನ ಕರೆ ಬಂತು: "ಮಾಮಾ, ಗಾಜಿಗೆ ಅಂಟಿಸಿದ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ, ನೋಡಿ." ನಾನು ಅದರ ಕಡೆ ಕಣ್ಣು ಹಾಯಿಸಿದ್ದು ಅಂದೇ ಮೊದಲು. 33 ಡಿಗ್ರಿ ಇತ್ತು. ಮರುದಿನ ಒಂದು ಮೀನು ಸತ್ತಿತು. ವಾರದೊಳಗೆ ಅನಿಮೋನ್ ಕರಗಿಹೋಯಿತು.

ಹುಡುಗ ನನಗೆ ಒಂದು ಕಟುಮಾತೂ ಆಡಲಿಲ್ಲ. ನನ್ನನ್ನು ಹೆಚ್ಚು ಚುಚ್ಚಿದ್ದು ಅದೇ. ಊರು ಕೊಳ್ಳೆಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯಂತೆ, ಆ ಮೇಲೆ ನಾವಿಬ್ಬರೂ ಕೂತು ಕಲಿತ ಪಾಠವಿದು. ನಮ್ಮ ಸಂಘದ ಮನೆಗಳಲ್ಲಿ ಇಂಥ ತೊಟ್ಟಿಗಳು ಈಗ ಅಲ್ಲಲ್ಲಿ ಕಾಣುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಬೆಳ್ಳಗಾದದ್ದೇಕೆ? ಹವಳದ ಹುಳುವಿನ ಮೈಯಲ್ಲಿಯೂ ಇಂಥ ಅನಿಮೋನಿನ ಮೈಯಲ್ಲಿಯೂ ಬರಿಗಣ್ಣಿಗೆ ಕಾಣದ ಪಾಚಿ ಬಿಡಾರ ಮಾಡಿರುತ್ತದೆ. ಅದು ಬೆಳಕಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೆ ಬಾಡಿಗೆಯಾಗಿ ಕೊಡುತ್ತದೆ. ಮೈಗೆ ಬಣ್ಣ ಬರುವುದೂ ಬಹುಮಟ್ಟಿಗೆ ಅದರಿಂದಲೇ. ನೀರು ಮಿತಿಮೀರಿ ಕಾದಾಗ ಈ ಸಂಸಾರ ಕೆಡುತ್ತದೆ. ಒಡೆಯ ಬಿಡಾರದವನನ್ನು ಹೊರಹಾಕುತ್ತಾನೆ, ಕಡೆಗೆ ತಾನೂ ಉಪವಾಸ ಬೀಳುತ್ತಾನೆ. ನಾನು ಮೆಚ್ಚಿದ ಬಿಳುಪು ಹಸಿವಿನ ಬಿಳುಪು. ಸಮುದ್ರದಲ್ಲಾದರೂ ಬೇಸಗೆಯ ವಾಡಿಕೆಯ ಅತಿ ಹೆಚ್ಚಿನ ಉಷ್ಣತೆಗಿಂತ ಒಂದೇ ಡಿಗ್ರಿ ಏರಿ ಕೆಲವು ವಾರ ನಿಂತರೆ ಹವಳ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಅಷ್ಟು ದೊಡ್ಡ ಕಡಲಿಗೇ ಆ ಗತಿಯಾದರೆ 100 ಲೀಟರಿನ ತೊಟ್ಟಿಯ ಪಾಡೇನು? ಅದು 25ರಿಂದ 27 ಡಿಗ್ರಿಯೊಳಗೆ, ಹೆಚ್ಚು ಏರಿಳಿತವಿಲ್ಲದೆ ಇರಬೇಕು. ಮೀನುಗಳಿಗೆ ಇನ್ನೊಂದು ಕಷ್ಟವೂ ಉಂಟು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಆದರೆ ಬಿಸಿಯಲ್ಲಿ ಮೀನಿಗೆ ಬೇಕಾಗುವ ಉಸಿರು ಹೆಚ್ಚು.

ತಂಪು ಮಾಡುವ ಮೊದಲು, ನಾವೇ ಒಳಗೆ ತುಂಬುತ್ತಿರುವ ಬಿಸಿಯನ್ನು ಕಡಿಮೆ ಮಾಡಬೇಕು. ನೀರಿನಲ್ಲಿ ಮುಳುಗಿರುವ 20 ವಾಟಿನ ಪಂಪು ಹಗಲೂ ರಾತ್ರಿ ತಿರುಗಿದರೆ ದಿನಕ್ಕೆ ಸುಮಾರು 410 ಕಿಲೋ ಕ್ಯಾಲೊರಿ ಶಾಖ ಕೊಡುತ್ತದೆ. ಆ ಶಾಖ ಎಲ್ಲಿಗೂ ಹೋಗದೆ ಉಳಿದರೆ 100 ಲೀಟರ್ ನೀರು ನಾಲ್ಕು ಡಿಗ್ರಿ ಏರಬಲ್ಲದು. ಪಂಪನ್ನು ನಿಲ್ಲಿಸುವಂತಿಲ್ಲ, ಅದು ಮೀನಿನ ಉಸಿರು. ಆದರೆ ಕಡಿಮೆ ವಾಟಿನದನ್ನು ಆರಿಸಬಹುದು. ದೀಪ ಎಲ್‌ಇಡಿಯದಾಗಿರಲಿ, ನೀರಿನಿಂದ ಒಂದು ಗೇಣು ಮೇಲಿರಲಿ. ಅದನ್ನು ಸಂಜೆ ಹಚ್ಚಿ ನಡುರಾತ್ರಿ ಆರಿಸಿದರೆ ಕೋಣೆಯ ಬಿಸಿಯೂ ದೀಪದ ಬಿಸಿಯೂ ಒಟ್ಟಿಗೆ ಸೇರುವುದಿಲ್ಲ. ಕೆಲಸದಿಂದ ಲೋಕಲ್ ಹಿಡಿದು ಮನೆಗೆ ಬಂದವರಿಗೆ ನೋಡುವ ಸುಖವೂ ಆಗ ಸಿಗುತ್ತದೆ. ತೊಟ್ಟಿಯ ಗಾಜಿನ ಮುಚ್ಚಳವನ್ನು ತೆಗೆದು, ಮೀನು ಹಾರದಂತೆ ಬಲೆ ಹಾಕಿರಿ. ಪಡುವಣ ಗೋಡೆಗೆ ತೊಟ್ಟಿಯನ್ನು ಒರಗಿಸಬೇಡಿ.

ಇನ್ನು ತಂಪು. ಅದರ ಗುಟ್ಟು ನಮ್ಮ ಅಜ್ಜಿಯರ ಹೂಜಿಯಲ್ಲಿದೆ. ಇಲ್ಲಿಯವರು ಮಾಠ ಎನ್ನುವುದೂ ಅದನ್ನೇ. ಹೂಜಿಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಉಳಿದ ನೀರಿನ ಶಾಖವನ್ನು ಒಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋ ಕ್ಯಾಲೊರಿ ಬೇಕು. ತೊಟ್ಟಿಯ ನೀರಿನ ಮೇಲೆ ಒರೆಯಾಗಿ ಬೀಸುವಂತೆ ಒಂದು ಪುಟ್ಟ ಫ್ಯಾನು ಕಟ್ಟಿದರೆ ಇದೇ ಕೆಲಸ ನಡೆಯುತ್ತದೆ. ಖರ್ಚು ಅಲ್ಪ, ಸಾಮಾನ್ಯವಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಆದರೆ ಠಾಕುರ್ಲಿ ಬಿಜಾಪುರವಲ್ಲ. ಖಾಡಿಯ ತೇವ ತುಂಬಿದ ನಮ್ಮ ಗಾಳಿಯಲ್ಲಿ ನೀರು ಬೇಗ ಆರುವುದಿಲ್ಲ. ಫ್ಯಾನು ಎಷ್ಟು ಮಾಡಬಲ್ಲದೆಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಅರಿವೆ ಸುತ್ತಿ ಫ್ಯಾನಿನ ಗಾಳಿಗೆ ಹಿಡಿಯಿರಿ. ಅದು ಇಳಿದು ನಿಲ್ಲುವ ಅಂಕೆಗಿಂತ ಕೆಳಕ್ಕೆ ಯಾವ ಫ್ಯಾನೂ ತೊಟ್ಟಿಯನ್ನು ಇಳಿಸಲಾರದು. ಕೋಣೆ 33 ಇದ್ದು ಒದ್ದೆ ಅರಿವೆ 27 ತೋರಿಸಿದರೆ, ತೊಟ್ಟಿ 28, 29ರಲ್ಲಿ ನಿಂತೀತು. ಮೀನಿಗೆ ಅದು ನಡೆದೀತು. ಅನಿಮೋನಿನಂಥ ನಾಜೂಕು ಜೀವಿಗೆ ಸಾಲದು.

ಫ್ಯಾನು ಕಟ್ಟಿದವರು ಮರೆಯಬಾರದ ಮಾತೊಂದಿದೆ: ಆವಿಯಾಗುವುದು ನೀರು, ಉಪ್ಪಲ್ಲ. 100 ಲೀಟರ್ ಕಡಲ ನೀರಿನಲ್ಲಿ ಸುಮಾರು ಮೂರೂವರೆ ಕಿಲೋ ಉಪ್ಪಿರುತ್ತದೆ. ಹತ್ತು ಲೀಟರ್ ಆರಿದರೆ, ಲೀಟರಿಗೆ 35 ಗ್ರಾಂ ಇದ್ದದ್ದು 39ರ ಹತ್ತಿರ ಹೋಗುತ್ತದೆ. ಆದುದರಿಂದ ಕಡಿಮೆಯಾದಷ್ಟನ್ನು ದಿನದಿನವೂ ಉಪ್ಪಿಲ್ಲದ ಶುದ್ಧ ನೀರಿನಿಂದ ತುಂಬಬೇಕು. ಗಾಜಿನ ಮೇಲೆ ನೀರಿನ ಮಟ್ಟಕ್ಕೊಂದು ಗೆರೆ ಹಾಕಿಟ್ಟರೆ ನನ್ನಂಥವನಿಗೂ ತಪ್ಪದು.

ಮಂಜುಗಡ್ಡೆಯ ಉಪಾಯವನ್ನು ಹಲವರು ಹೇಳುತ್ತಾರೆ. ಒಂದು ಲೀಟರಿನ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರು 100 ಲೀಟರನ್ನು ಸುಮಾರು ಒಂದು ಡಿಗ್ರಿ ಇಳಿಸುತ್ತದೆ. ಆಪತ್ಕಾಲಕ್ಕೆ ಅದು ಒಳ್ಳೆಯದೇ. ಬಾಟಲಿಯ ಮುಚ್ಚಳ ಬಿಗಿಯಾಗಿರಲಿ, ಒಮ್ಮೆಗೆ ಒಂದೇ ಹಾಕಿರಿ. ಗಾಬರಿಯಲ್ಲಿ ನಾಲ್ಕು ಬಾಟಲಿ ಮುಳುಗಿಸಿದರೆ, ಬಿಸಿಯಿಂದ ಬದುಕಿದ ಮೀನು ಹಠಾತ್ತನೆ ಎರಗಿದ ಚಳಿಯಿಂದ ಸಾಯಬಹುದು.

ಕಡೆಯದು ಚಿಲ್ಲರ್ ಯಂತ್ರ. ನಮ್ಮ ಮಗ್ಗುಲಿನ ಚೋಳಾ ಪವರ್ ಹೌಸನ್ನು ಹಿರಿಯರು ಬಲ್ಲರು. ಜಿ.ಐ.ಪಿ. ರೈಲ್ವೆ ಕಟ್ಟಿಸಿದ ಆ ವಿದ್ಯುದಾಗಾರ ಲೋಕಲ್ ಗಾಡಿಗಳನ್ನು ಓಡಿಸಿ, ಈಗ ನಿಂತು ದಶಕಗಳೇ ಕಳೆದಿವೆ. ಅಂಥ ಯಾವ ಕಾರಖಾನೆಯೂ ತನ್ನ ಹಬೆಯ ಶಾಖವನ್ನು ನುಂಗಲಾರದು, ಹೊರಗೆ ಎಲ್ಲಿಗಾದರೂ ಸಾಗಿಸಲೇಬೇಕು. ಚಿಲ್ಲರಿನ ನ್ಯಾಯವೂ ಅದೇ. ಅದು ನೀರಿನ ಶಾಖವನ್ನು ತೆಗೆದು, ತನ್ನ ವಿದ್ಯುತ್ತಿನ ಶಾಖವನ್ನೂ ಸೇರಿಸಿ, ಕೋಣೆಗೆ ಚೆಲ್ಲುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿಟ್ಟರೆ ಕೋಣೆ ಕಾಯುತ್ತದೆ, ಯಂತ್ರ ಇನ್ನಷ್ಟು ದುಡಿಯುತ್ತದೆ, ಬಿಲ್ಲು ಏರುತ್ತದೆ. ಅದರ ಬೆನ್ನು ಗಾಳಿಯಾಡುವ ಕಡೆಗಿರಲಿ. ವಿದ್ಯುತ್ ಹೋದಾಗ ಎಲ್ಲ ಯಂತ್ರವೂ ಒಂದೇ; ಬ್ಯಾಟರಿಯ ಗಾಳಿಪಂಪು ಒಂದನ್ನು ಸಿದ್ಧವಾಗಿಟ್ಟಿರಬೇಕು.

ಹವಳದ ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ದಿಬ್ಬ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಶಿಷ್ಟದಲ್ಲಿವೆ, ಹುಲಿಯ ಸಾಲಿನಲ್ಲಿ. ಸಮುದ್ರದಿಂದ ಅವನ್ನು ಕೀಳುವುದು, ಮಾರುವುದು ಅಪರಾಧ. ಊರಿಗೆ ಹೋದಾಗ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮಕ್ಕಳಿಗೆ ಹವಳ ತೋರಿಸಬಹುದು; ಚೂರನ್ನೂ ಚೀಲಕ್ಕೆ ಹಾಕಬಾರದು. ಮನೆಯ ದಿಬ್ಬಕ್ಕೆ ಸುಟ್ಟ ಮಣ್ಣಿನ ಕೃತಕ ಕಲ್ಲು ಸಾಕು.

ನಮ್ಮಂಥ ವಲಸೆಯ ಸಂಸಾರಗಳಿಗೆ ಒಂದು ವಿಶೇಷ ತೊಡಕಿದೆ. ತೊಟ್ಟಿಗೆ ನಮ್ಮ ಅಗತ್ಯ ಅತ್ಯಂತ ಹೆಚ್ಚಿರುವ ಮೇ ತಿಂಗಳಲ್ಲೇ ನಾವು ಠಾಣೆಯಲ್ಲಿ ಮತ್ಸ್ಯಗಂಧಾ ಹತ್ತಿರುತ್ತೇವೆ. ಆದುದರಿಂದ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ: ಊರಿಗೆ ಹೋದಾಗ ಇದನ್ನು ನೋಡುವವರು ಯಾರು? ಬೀಗದ ಕೈ ಕೊಟ್ಟರೆ ಸಾಲದು. ಥರ್ಮಾಮೀಟರ್, ನೀರಿನ ಗೆರೆ, ಕಿಟಕಿ, ಫ್ಯಾನು, ಇವನ್ನು ಚೀಟಿಯಲ್ಲಿ ಬರೆದು ತೊಟ್ಟಿಗೇ ಅಂಟಿಸಿ ಹೋಗಬೇಕು. ಅಂಥ ಕೈ ಸಿಗದಿದ್ದರೆ ತೊಟ್ಟಿಯ ಆಸೆಯನ್ನು ಬಿಡುವುದೇ ಧರ್ಮ.

ಹುಡುಗ ಉಳಿದೊಂದು ಮೀನನ್ನು ಇಟ್ಟುಕೊಂಡಿದ್ದಾನೆ. ಮತ್ತೆ ಅನಿಮೋನ್ ತಂದಿಲ್ಲ. "ಒಂದು ಬೇಸಗೆ 28 ದಾಟದಂತೆ ನೋಡಿಕೊಂಡ ಮೇಲೆ ತರುತ್ತೇನೆ, ಮಾಮಾ" ಎನ್ನುತ್ತಾನೆ. ಬೀಗದ ಕೈಯನ್ನು ಈ ಸಲವೂ ನನಗೇ ಕೊಡುತ್ತಾನಂತೆ. ಚೀಟಿಯನ್ನು ನಾನೇ ಬರೆದಿಟ್ಟಿದ್ದೇನೆ.